ದಸ್ತಿ ಹಾಕಿದ ಸೀಟು

ಖೂಬಾ ಪ್ಲಾಟ್

ಜರ್ಮನಿಗೆ ಹೋಗಿ ಬಂದ ಮೇಲೆ ನಮ್ಮ ಓಣಿಯ ಹೆಂಗಸರು ಕೇಳಿದ್ದೇ ಕೇಳಿದ್ದು: ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ. ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಆದರೆ ಅಲ್ಲಿ ಒಂದು ಬಸ್ ನಿಲ್ದಾಣದಲ್ಲಿ ಕಂಡದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಕೇಳಿದವರು ನಕ್ಕರೆ ಪರವಾಗಿಲ್ಲ, ನಗದೆ ಸುಮ್ಮನೆ ತಲೆಯಾಡಿಸಿದರೆ ಏನು ಮಾಡುವುದು ಎಂಬ ಅಂಜಿಕೆ. ಈಗ ಬರೆದು ಬಿಡುತ್ತೇನೆ. ಬರೆಯುವಾಗ ಎದುರಿಗೆ ಯಾರೂ ತಲೆಯಾಡಿಸುವುದಿಲ್ಲ.

ನನ್ನ ಹೆಸರು ಸುವರ್ಣಾ. ಕಲಬುರಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಪಿ.ಟಿ. ಟೀಚರು ಕೂತದ್ದನ್ನು ಯಾರಾದರೂ ನೋಡಿದ್ದೀರಾ? ಮನೆಯಲ್ಲೂ ನಾನು ನಿಂತೇ ಉಣ್ಣುವವಳು, ನಿಂತೇ ಚಹಾ ಕುಡಿಯುವವಳು. ನಮ್ಮವರದು ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ. "ನಮ್ಮ ಮನ್ಯಾಗ ಒಂದು ಕುರ್ಚಿ ಕಡಿಮಿ ಇದ್ದರೂ ನಡೀತದ" ಎಂದು ಬಂದವರೆದುರು ಚೇಷ್ಟೆ ಮಾಡುತ್ತಾರೆ.

ಅತ್ತೆ ಶರಣಮ್ಮನವರು ಕಮಲಾಪುರದವರು. ಅಲ್ಲಿ ನಮ್ಮದು ಕೆಂಪು ಬಾಳೆಯ ತೋಟ, ಈಗ ಮೈದುನನ ಸಂಸಾರ ಅಲ್ಲಿದೆ. ಮಾವ ಇದ್ದಷ್ಟು ಕಾಲ ಗಂಡ ಹೆಂಡತಿ ಇಬ್ಬರೂ ಬಾಳೆಹಣ್ಣಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದರು. ಆ ಬಸ್ಸು ಹತ್ತುವುದನ್ನು ನೋಡಬೇಕಿತ್ತು. ನಮ್ಮ ಕಡೆ ಕರ್ಚೀಫಿಗೆ ದಸ್ತಿ ಎನ್ನುತ್ತಾರೆ. ಬಸ್ಸು ಪೂರಾ ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ದಸ್ತಿ ಎಸೆದರೆ ಆ ಸೀಟು ಎಸೆದವರದು. ಯಾರಾದರೂ ಕೂರಲು ಬಂದರೆ "ಇಲ್ಲಿ ಮಂದಿ ಅದಾರ" ಎಂದರೆ ಮುಗಿಯಿತು. ಅತ್ತೆ ಕಿಟಕಿಯಿಂದ ದಸ್ತಿ ಎಸೆಯುವುದು, ಮಾವ ಬಾಗಿಲಿನಿಂದ ನುಗ್ಗಿ ಹೋಗಿ ಆ ಸೀಟು ಕಾಯುವುದು. ಸೀಟು ಅವರಿಗಲ್ಲ. ಮಕ್ಕಳಿಗೋ, ಬಸುರಿ ಹೆಂಗಸಿಗೋ, ಮುದುಕರಿಗೋ ಯಾರಿಗಾದರೂ ಹಿಡಿದದ್ದು. ಅವರು ಬಂದು ಕೂತ ಕೂಡಲೇ ಮಾವ "ಚಹಾ ಕುಡಿದು ಬರ್ತೀನಿ" ಎಂದು ಇಳಿದು ಹೋಗುತ್ತಿದ್ದರು. ಬಸ್ಸು ಹೊರಟಾಗ ಓಡಿ ಬಂದು ಬಾಗಿಲಲ್ಲಿ ಜೋತು ಬೀಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೂ ಹಾಗೆ ಸೀಟು ಹಿಡಿದಿದ್ದರು, ನಾನು ನಾಚಿಕೊಂಡು ನಿಂತೇ ಇದ್ದೆ.

ಮಾವ ತೀರಿಕೊಂಡಾಗ ಅವರನ್ನು ತೋಟದ ಮೂಲೆಯಲ್ಲೇ ಮಣ್ಣು ಮಾಡಿದೆವು. ಅಲ್ಲಿದ್ದರೆ ಅತ್ತೆ ಕೊರಗುತ್ತಾರೆ ಎಂದು ಕಲಬುರಗಿಗೆ, ಖೂಬಾ ಪ್ಲಾಟಿನ ನಮ್ಮ ಮನೆಗೆ ಕರೆತಂದೆವು, ಮತ್ತೆ ಆ ಕಡೆ ಕರೆದೊಯ್ಯಲೇ ಇಲ್ಲ. "ನೀವು ಕುಂದ್ರಿ ಅತ್ತಿ, ಎಲ್ಲಾ ನಾ ಮಾಡ್ತೇನಿ" ಎಂದು ಒಲೆಯ ಮುಂದಿನಿಂದ ಎಬ್ಬಿಸಿದೆ. ರೊಟ್ಟಿ ಬಡಿಯುವುದನ್ನು ಬಿಡಿಸಿದೆ. ಬೇಳೆ ಆರಿಸುವ ಮೊರವನ್ನೂ ಕೈಯಿಂದ ಕಸಿದುಕೊಂಡೆ. "ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ" ಎಂದರು ಓಣಿಯವರು. ನಾನೂ ಉಬ್ಬಿದೆ. ಅತ್ತೆ ಕೂತರು. ಕಿಟಕಿಯ ಹತ್ತಿರ ಒಂದು ಕುರ್ಚಿ, ಕಿಟಕಿಯ ಆಚೆ ಪಕ್ಕದ ಮನೆಯ ಗೋಡೆ. ಬರಬರುತ್ತ ಮಾತು ನಿಂತಿತು. ನಾನು ಹಾದು ಹೋಗುವಾಗ ಒಂದೇ ಪ್ರಶ್ನೆ: "ಬಸ್ ಬಂತೇನು?"

ಡಾಕ್ಟರು ಪರೀಕ್ಷೆ ಮಾಡಿ, "ಮೈಯಾಗೇನೂ ಇಲ್ರಿ ಮೇಡಂ, ಮನಸ್ಸಿಗಿ ಕೆಲಸ ಕೊಡ್ರಿ" ಎಂದರು. ಕೊಟ್ಟೆ ನೋಡಿ! ಬೆಳಗ್ಗೆ ಕೈಕಾಲಿನ ವ್ಯಾಯಾಮ, ಮಧ್ಯಾಹ್ನ ಬಣ್ಣ ತುಂಬುವ ಪುಸ್ತಕ, ಸಂಜೆ ಟಿವಿಯಲ್ಲಿ ಭಜನೆ. ಒಂದು ದಿನ "ಕೈ ಮ್ಯಾಲ" ಎಂದು ಸೀಟಿ ಊದಿದ್ದೆ, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಓಡಿದೆ. ಅಲ್ಲಿ ಒರೆಸಿ, ಇನ್ನೊಂದೇನೋ ಕೆಲಸ ಹಿಡಿದು, ಅತ್ತೆಯನ್ನು ಮರೆತೇ ಬಿಟ್ಟೆ. ತಿರುಗಿ ಬಂದಾಗ ಅವರು ಎತ್ತಿದ ಕೈ ಎತ್ತಿಕೊಂಡೇ ಗೋಡೆ ನೋಡುತ್ತಿದ್ದರು. ಗೋಡೆಯೊಳಗಿಂದ ಬರುವ ಯಾವುದೋ ಬಸ್ಸಿಗೆ ಕೈ ಮಾಡಿದ ಹಾಗಿತ್ತು. ನಮ್ಮ ಕಣ್ಣೆದುರೇ ಕೂತುಕೊಂಡು ಈ ಜೀವ ಎಲ್ಲಿಗೋ ಹೊರಟು ಹೋಗುತ್ತಿದೆ ಎಂದು ಅವತ್ತು ನನಗೆ ಖರೇ ಅಂಜಿಕೆ ಹತ್ತಿತು.

ನನ್ನ ನಾದಿನಿ ಶಶಿ ಜರ್ಮನಿಯ ಉತ್ತರದ ಒಂದು ಸಣ್ಣ ಊರಿನಲ್ಲಿ ನರ್ಸು. ವಯಸ್ಸಾದವರು ಹಗಲು ಹೊತ್ತು ಬಂದು ಇರುವ ಒಂದು ಮನೆಯಲ್ಲಿ ಅವಳ ಕೆಲಸ. ಫೋನಿನಲ್ಲಿ ಅಳುತ್ತ ಹೇಳಿದಳು: "ವೈನಿ, ಯವ್ವನ್ನ ಕರಕೊಂಡು ಬರ್ರಿ. ಇಲ್ಲಿ ಹೆಂಗ ನೋಡ್ಕೋತಾರ ನೋಡಿ ಕಲತು ಹೋಗ್ರಿ. ಇನ್ನೊಂದು ವರ್ಷ ತಡಾ ಮಾಡಿದ್ರ ಆಕಿ ನನ್ನ ಗುರುತು ಹಿಡೀತಾಳೋ ಇಲ್ಲೋ." ದೀಪಾವಳಿ ಮುಗಿಸಿ ರಜೆ ಹಾಕಿದೆ.

ವಿಮಾನದೊಳಗೆ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ನನ್ನ ಚೀಲದ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ತೆಗೆದು ಮೂಗಿನ ಹತ್ತಿರ ಒಯ್ದ. ಆಮೇಲೆ ಸೀನಿದ, ಸೀನುತ್ತಲೇ ಇದ್ದ. ಕೈ ಸನ್ನೆಯಲ್ಲೇ ನಮ್ಮನ್ನು ಮುಂದೆ ಕಳಿಸಿದ. ಅತ್ತೆ ನಗಲಿಲ್ಲ. ಮೊದಲಾಗಿದ್ದರೆ ಅವನಿಗೆ ನೀರು ಕೊಟ್ಟು, ಬೆನ್ನು ತಟ್ಟಿ, ಒಂದು ರೊಟ್ಟಿಯನ್ನೂ ಕೊಡುತ್ತಿದ್ದರು.

ವಿಮಾನದಲ್ಲಿ ನಮಗೆ ಜೋಡಿ ಸೀಟು ಸಿಗಲಿಲ್ಲ. ಅತ್ತೆಗೆ ಕಿಟಕಿ, ನನಗೆ ಅವರ ಹಿಂದಿನ ಸಾಲು. ಅವರನ್ನು ಕೂರಿಸಿ, ಬೆಲ್ಟು ಹಾಕಿ ನಿಂತಿದ್ದೆ. ಆಗ ಅವರು ಸೊಂಟದಿಂದ ಒಂದು ದಸ್ತಿ ತೆಗೆದರು. ನೀಲಿ ಚೌಕುಳಿಯ ದಸ್ತಿ. ಗುರುತು ಹತ್ತಿತು, ಅದು ಮಾವನದು. ಮಣ್ಣಿಗೆ ಹೋಗುವ ದಿನವೂ ಅವರ ಕಿಸೆಯಲ್ಲಿದ್ದದ್ದು. ಅತ್ತೆ ಅದನ್ನು ಪಕ್ಕದ ಸೀಟಿನ ಮೇಲೆ ಹರವಿ, ಅಂಗೈಯಿಂದ ಸವರಿ ಸಾಪು ಮಾಡಿದರು.

"ಅತ್ತೀ, ಇಲ್ಲಿ ಹಂಗ ಹಾಕಂಗಿಲ್ರಿ. ನಂಬರ್ ಇರ್ತದ."

"ಇಲ್ಲಿ ಮಂದಿ ಅದಾರ" ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಬಸ್ಸಿನ ಪ್ರಶ್ನೆ ಬಿಟ್ಟು ಅವರು ಆಡಿದ ಬೇರೆ ಮಾತು ಅದು.

ಆ ನಂಬರಿನವನು ಬಂದು ಗಲಾಟೆ ಮಾಡುತ್ತಾನೆ, ಕಾಲು ಹಿಡಿಯಬೇಕಾಗುತ್ತದೆ ಎಂದು ನಾನು ಬಾಗಿಲನ್ನೇ ನೋಡುತ್ತ ನಿಂತೆ. ವಿಮಾನ ತುಂಬಿತು. ಎಲ್ಲ ಸೀಟೂ ತುಂಬಿದವು. ಆ ಒಂದು ಸೀಟಿಗೆ ಮಾತ್ರ ಯಾರೂ ಬರಲಿಲ್ಲ. ಗಗನಸಖಿ ಬಂದು, ಬೇಕಾದರೆ ನೀವೇ ಇಲ್ಲಿ ಕೂರಿ ಎಂದಳು. ನಾನು ಆ ದಸ್ತಿಯನ್ನು ನೋಡಿದೆ. ಸತ್ತವರಿಗೆ ಹಿಡಿದ ಸೀಟಿನಲ್ಲಿ ಕೂರಲು ನನ್ನ ಮೈ ಒಪ್ಪಲಿಲ್ಲ. ಹಿಂದೆ ಹೋಗಿ ಕೂತೆ. ದಾರಿಯುದ್ದಕ್ಕೂ ಎದ್ದು ಬಂದು "ನೀರು ಬೇಕೇನ್ರಿ, ಕಾಲು ಜೋಮು ಹಿಡಿದಾವೇನ್ರಿ" ಎಂದು ಕೇಳುತ್ತ ನಿಲ್ಲುವುದು, ಮತ್ತೆ ಹೋಗುವುದು. ಅತ್ತೆ ಪ್ರತಿ ಸಲವೂ ನನ್ನನ್ನು ನೋಡಿ, ದಸ್ತಿಯನ್ನು ನೋಡಿ, ಮುಖ ತಿರುಗಿಸುತ್ತಿದ್ದರು.

ಶಶಿಯ ಊರು

ನಾವು ಮುಟ್ಟಿದಾಗ ಊರು ಮಂಜಿನಲ್ಲಿತ್ತು. ಇದ್ದಷ್ಟು ದಿನವೂ ಮಂಜಿನಲ್ಲೇ ಇತ್ತು. ಮಧ್ಯಾಹ್ನದ ಊಟ ಅರಗುವ ಮೊದಲೇ ಅಲ್ಲಿ ಕತ್ತಲಾಗುತ್ತದೆ. ಬೀದಿ ತೊಳೆದು ಒರೆಸಿದ ಹಾಗಿದೆ, ಆದರೆ ನಡೆಯುವವರಿಲ್ಲ. ನಾಯಿಗಳಿವೆ, ಬೊಗಳುವುದಿಲ್ಲ. ಮಕ್ಕಳಿದ್ದಾರೆ, ಕೂಗುವುದಿಲ್ಲ. ನಮ್ಮ ಕಲಬುರಗಿಯ ಶಹಾಬಜಾರದ ಗಲ್ಲಿಯಲ್ಲಿ ಸೀನಿದರೆ ಎದುರು ಮನೆಯವರು ನೆಗಡಿಯಾ ಎಂದು ಕೇಳುತ್ತಾರೆ. ಇಲ್ಲಿ ಒಂದು ದಿನ ನಾನು ಬೀದಿಯಲ್ಲಿ ನಿಂತು ಸುಮ್ಮನೆ ಸೀಟಿ ಊದಿದೆ, ಈ ಊರಿನಲ್ಲಿ ಯಾರಾದರೂ ಇದ್ದಾರೋ ನೋಡೋಣ ಎಂದು. ಒಂದೊಂದೇ ಕಿಟಕಿಯ ಪರದೆ ಸರಿಯಿತು. ಯಾರೂ ಏನೂ ಕೇಳಲಿಲ್ಲ. ಪರದೆಗಳು ಹಾಗೇ ಮುಚ್ಚಿಕೊಂಡವು. "ವೈನಿ, ನಿಮ್ಮ ಕಾಲು ಬೀಳ್ತೀನಿ, ಆ ಸೀಟಿ ಚೀಲದಾಗ ಇಡ್ರಿ" ಎಂದಳು ಶಶಿ.

ಅಲ್ಲಿಯ ಬಸ್ಸಿನಲ್ಲಿ ಒಂದು ವಿಚಿತ್ರ ನೋಡಿದೆ. ಅವರೂ ಪಕ್ಕದ ಸೀಟಿನ ಮೇಲೆ ಚೀಲ ಇಡುತ್ತಾರೆ. ಅರೆ, ನಮ್ಮ ಹಾಗೇ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ಯಾರೂ ಬಂದು ಕೂರದಿರಲಿ ಎಂದು ಇಡುವುದು. ನಾವು ಯಾರಾದರೂ ಬರಲಿ ಎಂದು ದಸ್ತಿ ಹಾಕುತ್ತೇವೆ. ಅತ್ತೆ ಆ ಚೀಲಗಳನ್ನು ಬಹಳ ಹೊತ್ತು ನೋಡಿದರು.

ಮಗಳ ಮನೆಗೆ ಬಂದರೂ ಅತ್ತೆಗೆ ಮಗಳ ಗುರುತು ಹತ್ತಲಿಲ್ಲ. ಶಶಿ ಕಾಲು ಮುಟ್ಟಿದಾಗ "ಸುಖವಾಗಿರು ತಂಗಿ" ಎಂದರು, ದಾರಿಹೋಕರಿಗೆ ಹೇಳುವ ಹಾಗೆ. ಶಶಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಬಸ್ಸು ಬಾರದ ನಿಲ್ದಾಣ

ಶಶಿ ಕೆಲಸ ಮಾಡುವ ಮನೆ ಹೊರಗಿನಿಂದ ಆಸ್ಪತ್ರೆಯ ಹಾಗಿದೆ. ಒಳಗೆ ಗಾಜಿನ ಸೂರಿನ ಕೆಳಗೆ ಒಂದು ಉದ್ದನೆಯ ಹಾದಿ, ಅದನ್ನು ಬೀದಿಯ ಹಾಗೆ ಮಾಡಿದ್ದಾರೆ. ಗೋಡೆಯ ಮೇಲೆ ಮನೆಗಳ ಚಿತ್ರ, ಚಿತ್ರಕ್ಕೆ ನಿಜವಾದ ಬಾಗಿಲ ಹಿಡಿಕೆ. ಒಂದು ಅಂಗಡಿ ಇದೆ, ಅದರಲ್ಲಿ ಪ್ಲಾಸ್ಟಿಕ್ಕಿನ ಸೇಬು, ಪ್ಲಾಸ್ಟಿಕ್ಕಿನ ಬಾಳೆಹಣ್ಣು. ಒಬ್ಬ ಅಜ್ಜಿ ಗೊಂಬೆಯೊಂದನ್ನು ಎದೆಗವಚಿಕೊಂಡು ತಟ್ಟುತ್ತ ಓಡಾಡುತ್ತಿದ್ದಳು. ಮುದುಕಿಯರಿಗೆ ಅದರಿಂದ ಸಮಾಧಾನವಂತೆ. ಅತ್ತೆಯ ಕೈಗೂ ಒಂದು ಗೊಂಬೆ ಕೊಟ್ಟರು. ಅತ್ತೆ ಅದರ ಮೂಗಿನ ಮುಂದೆ ಬೆರಳು ಹಿಡಿದರು. ಆಮೇಲೆ ಮೆಲ್ಲಗೆ ನನ್ನ ಕೈಗಿಟ್ಟು, "ಇದಕ್ಕ ಉಸರಿಲ್ಲ, ಮಣ್ಣು ಮಾಡ್ರಿ" ಎಂದರು. ನಾನು ಅದನ್ನು ಅಂಗಡಿಯ ಪ್ಲಾಸ್ಟಿಕ್ ಹಣ್ಣುಗಳ ಪಕ್ಕ ಮಲಗಿಸಿದೆ.

ಹಾದಿಯ ತುದಿಯಲ್ಲಿ ಒಂದು ಬಸ್ ನಿಲ್ದಾಣ. ಕಂಬ, ಕಂಬಕ್ಕೆ ಬಸ್ಸಿನ ಗುರುತಿನ ಫಲಕ, ಬಸ್ಸಿನ ವೇಳೆಯ ಪಟ್ಟಿ, ಒಂದು ಉದ್ದನೆಯ ಬೆಂಚು. ಬೆಂಚಿನ ಎದುರು ರಸ್ತೆ ಇಲ್ಲ, ದೊಡ್ಡ ಗಾಜಿನ ಕಿಟಕಿ. ಬೆಂಚಿನ ಮೇಲೆ ಕೋಟು ಟೋಪಿ ಹಾಕಿಕೊಂಡ ಮುದುಕರು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇಲ್ಲಿ ಯಾವ ಬಸ್ ಬರ್ತದ ಶಶಿ?" ಎಂದೆ.

"ಯಾವುದೂ ಬರಂಗಿಲ್ರಿ ವೈನಿ. ಮನಿಗಿ ಹೋಗ್ತೀನಿ ಅಂತ ಹಟ ಮಾಡ್ತಾರಲ್ಲ, ಅವರನ್ನ ಇಲ್ಲಿ ಕುಂದ್ರಸ್ತೇವಿ. ಸ್ವಲ್ಪ ಹೊತ್ತಿಗಿ ಯಾಕ ಕುಂತೀನಿ ಅನ್ನೋದೇ ಮರೀತಾರ. ಆಮ್ಯಾಲ ಬಸ್ ತಡಾ ಅದ, ಕಾಫಿ ಕುಡೀರಿ ಅಂತ ಕರಕೊಂಡು ಹೋಗ್ತೇವಿ."

ಮೋಸವಲ್ಲವೇ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ನನ್ನ ಕೈ ಬಿಡಿಸಿಕೊಂಡು ಸರಸರ ಹೋದರು. ಆ ನಡಿಗೆಯನ್ನು ನೋಡಿ ಎಷ್ಟು ದಿನವಾಗಿತ್ತು! ಬೆಂಚಿನ ತುದಿಯಲ್ಲಿ ಕೂತು, ಪಕ್ಕದಲ್ಲಿ ನೀಲಿ ದಸ್ತಿ ಹಾಕಿದರು. ದಸ್ತಿಯ ಆಚೆ ಒಬ್ಬಳು ಎತ್ತರದ ಮುದುಕಿ ಕೂತಿದ್ದಳು, ಹೆಸರು ಹಿಲ್ಡಾ. ದಿನವಿಡೀ ಬಾಗಿಲು ಬಡಿದು ಮನೆಗೆ ಬಿಡಿ ಎಂದು ಚೀರುವವಳು ಆಕೆಯೇ ಎಂದಳು ಶಶಿ. ಹಿಲ್ಡಾ ದಸ್ತಿಯನ್ನು ನೋಡಿದಳು. ಚೂರು ಸರಿದು ಜಾಗ ಬಿಟ್ಟಳು. ಆಮೇಲೆ ಆ ಖಾಲಿ ಜಾಗದ ಕಡೆ ಬಾಗಿ ಮಾತಾಡಲು ಶುರು ಮಾಡಿದಳು. ಮಾತಾಡಿ ನಿಲ್ಲಿಸುವುದು, ಕಿವಿಗೊಡುವುದು, ನಗುವುದು. ಆ ಕಡೆಯಿಂದ ಉತ್ತರ ಬರುತ್ತಿರುವ ಹಾಗೆ.

"ಯಾರ ಜೋಡಿ?" ಎಂದು ಪಿಸುಗುಟ್ಟಿದೆ.

"ಆಕಿ ಗಂಡ ಇರಬೇಕ್ರಿ. ಸತ್ತು ಬಾಳ ದಿನ ಆತು. ಬೂಟು ಹಸಿ ಆಗ್ಯಾವ, ಒರಿಸ್ಕೋ ಅನ್ನಾಕತ್ತಾಳ."

ನಾನು ಕೆಳಗೆ ನೋಡಿದೆ. ದಸ್ತಿಯ ಕೆಳಗಿನ ನೆಲ ಒದ್ದೆಯಾಗಿತ್ತು. ಯಾರೋ ಆಗಷ್ಟೇ ನೆಲ ಒರೆಸಿರಬೇಕು ಎಂದುಕೊಂಡೆ. ಉಳಿದ ನೆಲವೆಲ್ಲ ಒಣಗಿತ್ತು, ಅಷ್ಟೇ.

ಅವತ್ತಿನಿಂದ ದಿನವೂ ಅದೇ. ಅತ್ತೆ ಬರುವುದು, ದಸ್ತಿ ಹಾಕುವುದು, ಹಿಲ್ಡಾ ಬಂದು ಆಚೆ ಕೂರುವುದು. ಆಕೆ ಚೀರುವುದು ನಿಂತಿತು. ಅಲ್ಲಿಯ ದಾದಿಯರಿಗೆ ಖುಷಿಯೋ ಖುಷಿ. ನಾನು ಮಾತ್ರ ಸುತ್ತ ಸುತ್ತುತ್ತ, ಬಾಗಿಲು, ಹಿಡಿಕೆ, ಬೆಂಚಿನ ಅಳತೆ ಎಲ್ಲ ನೋಡಿಕೊಳ್ಳುತ್ತಿದ್ದೆ. ಖೂಬಾ ಪ್ಲಾಟಿನ ಅಂಗಳದಲ್ಲೂ ಇಂಥದ್ದೊಂದು ಕಂಬ ನಿಲ್ಲಿಸೋಣ ಎಂದು ನಮ್ಮವರಿಗೆ ಫೋನು ಮಾಡಿದೆ. "ಓಣಿ ಮಂದಿ ಎಲ್ಲಾ ಬಂದು ನಿಲ್ತಾರ ನೋಡು, ಬಸ್ ಎಷ್ಟೊತ್ತಿಗಿ ಅಂತ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ದಸ್ತಿಯ ಪಕ್ಕ ಹಾದು ಹೋಗುವಾಗಲೆಲ್ಲ ನಾನು ಸೆರಗು ಎಳೆದುಕೊಂಡು, ಮಾವನೆದುರು ಹೋಗುವ ಹಾಗೆ ಬದಿಗೆ ಸರಿದು ಹೋಗುತ್ತಿದ್ದೆ. ಅರಿವಿಗೆ ಬಂದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ಒಂದು ಮಧ್ಯಾಹ್ನ ಹಿಲ್ಡಾ ಶಶಿಯನ್ನು ಕರೆದು ಏನೋ ದೂರು ಹೇಳಿದಳು. ಶಶಿಯ ಮುಖ ಸುಣ್ಣದ ಹಾಗಾಯಿತು.

"ಏನಂದಳು?"

"ನನ್ನ ಗಂಡ ಕಾಫಿ ಬಿಟ್ರ ಏನೂ ಕುಡಿಯೋನಲ್ಲ. ಈ ಮನಷ್ಯಾ ಚಹಾ ಕೇಳಾಕತ್ತಾನ, ಇಲ್ಲಿ ಚಹಾ ಸಿಗ್ತದೇನು ಅಂತ ಕೇಳಾಕತ್ತಾಳ್ರಿ ವೈನಿ."

"ನಿಮ್ಮ ಯವ್ವ ಹೇಳಿರಬೇಕು, ಅಪ್ಪನ ಚಹಾದ ಸುದ್ದಿ."

"ಯಾವ ಭಾಷ್ಯಾದಾಗ ಹೇಳ್ಯಾಳು?" ಎಂದಳು ಶಶಿ.

ಅತ್ತೆ ಈ ಮಾತು ಯಾವುದನ್ನೂ ಕೇಳಿಸಿಕೊಳ್ಳದೆ ಕಿಟಕಿಯ ಆಚೆ ನೋಡುತ್ತಿದ್ದರು. ದೂರದ ದಿಬ್ಬದ ಮೇಲೆ ಮಂಜಿನೊಳಗೆ ಸಣ್ಣ ಸಣ್ಣ ಕೆಂಪು ದೀಪಗಳು. "ಅದ್ಯಾವ ಊರು? ಎಷ್ಟು ಚಂದ ದೀಪಾ ಹಚ್ಯಾರ" ಎಂದರು. ಶಶಿ ನನ್ನ ಕಿವಿಯಲ್ಲಿ ಹೇಳಿದಳು, ಅದು ಊರಲ್ಲ, ಗೋರಿಗಳ ಜಾಗ. ಈ ತಿಂಗಳು ಇಲ್ಲಿಯವರು ತಮ್ಮ ಸತ್ತವರಿಗೆ ಕೆಂಪು ಗಾಜಿನ ದೀಪ ಇಟ್ಟು ಬರುತ್ತಾರೆ.

ಕೊನೆಯ ಸ್ಟಾಪು

ಮರುದಿನ ನಾನು ಶಶಿಯ ಜೊತೆ ಅಡುಗೆಮನೆ ನೋಡಲು ಹೋಗಿದ್ದೆ. ತಿರುಗಿ ಬಂದಾಗ ಬೆಂಚು ಖಾಲಿ. ಅತ್ತೆ ಇಲ್ಲ, ಹಿಲ್ಡಾ ಇಲ್ಲ, ದಸ್ತಿಯೂ ಇಲ್ಲ. ಬಟ್ಟೆ ಒಗೆಯಲು ಒಯ್ಯುವವನು ಬಂಡಿ ತಳ್ಳಿಕೊಂಡು ಹೋಗುವಾಗ ಹಿಂದಿನ ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇತ್ತಂತೆ. ಮಂಜು, ಚಳಿ, ಮುಗಿಯುತ್ತ ಬಂದ ಬೆಳಕು. ಭಾಷೆ ಬಾರದ ದೇಶದಲ್ಲಿ ಮಗಳ ಗುರುತೂ ಇಲ್ಲದ ಜೀವವನ್ನು ನಾನು ಕಳೆದುಬಿಟ್ಟೆನಲ್ಲ! ಸೀಟಿ ಊದುತ್ತ ಬೀದಿಗೆ ಓಡಿದೆ. ಶಶಿ ಬೇಡ ಎನ್ನಲಿಲ್ಲ.

ಸುದ್ದಿ ಸಿಕ್ಕಿದ್ದು ಬಸ್ಸಿನವರಿಂದ. ಚಾಲಕನೊಬ್ಬ ತನ್ನ ಕಚೇರಿಗೆ ಹೇಳಿದ್ದನಂತೆ: ಮಂಜಿನಲ್ಲಿ ನಡುರಸ್ತೆಗೆ ಒಬ್ಬ ಹೆಂಗಸು, ಕೋಟಿನ ಕೆಳಗೆ ಬಣ್ಣದ ಬಟ್ಟೆ, ಕೈ ಎತ್ತಿಕೊಂಡು ನಿಂತಿದ್ದಳು. ಅಲ್ಲಿ ಸ್ಟಾಪು ಇಲ್ಲ, ಆದರೂ ನಿಲ್ಲಿಸದೆ ಗತಿಯಿರಲಿಲ್ಲ. ಅದೇ ಮತ್ತೆ! ನಮ್ಮ ಹುಮನಾಬಾದ್ ರಸ್ತೆಯಲ್ಲಿ ಬೆಳೆದವರಿಗೆ ಸ್ಟಾಪಿನ ಹಂಗೇನು? ಎಲ್ಲಿ ಕೈ ಮಾಡಿದರೆ ಅಲ್ಲಿ ಬಸ್ಸು ನಿಲ್ಲಬೇಕು. ಬಾರದ ಬಸ್ಸಿಗೆ ಕಾದು ಸಾಕಾಗಿ, ಅತ್ತೆ ಹಿಲ್ಡಾಳ ಕೈ ಹಿಡಿದು ಬರುವ ಬಸ್ಸಿಗೇ ಹೋಗಿದ್ದರು. ಬಸ್ಸಿನಲ್ಲೂ ದಸ್ತಿ ಹಾಕಿದ್ದರಂತೆ. ಜನ ನಿಂತಿದ್ದರೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ, ಯಾಕೆಂದು ಗೊತ್ತಿಲ್ಲ ಎಂದ ಚಾಲಕ. ಕೊನೆಯ ಸ್ಟಾಪಿನಲ್ಲಿ ಇಳಿದರಂತೆ.

ಕೊನೆಯ ಸ್ಟಾಪು ಆ ಕೆಂಪು ದೀಪದ ದಿಬ್ಬ.

ನಾವು ಹೋದಾಗ ಕತ್ತಲು ಬಿದ್ದಿತ್ತು. ಸಾಲು ಸಾಲು ಗೋರಿ, ಒಂದೊಂದರ ಮುಂದೂ ಕೆಂಪು ದೀಪ, ಮಂಜಿನೊಳಗೆ ಉಸಿರಾಡುವ ಹಾಗೆ ಸಣ್ಣಗೆ ದೊಡ್ಡಗೆ ಆಗುತ್ತಿದ್ದವು. ಒಂದು ಗೋರಿಯ ಎದುರು ಕಲ್ಲಿನ ಬೆಂಚು. ಒಂದು ತುದಿಗೆ ಹಿಲ್ಡಾ, ಇನ್ನೊಂದು ತುದಿಗೆ ಅತ್ತೆ, ನಡುವೆ ದಸ್ತಿ. ಹಿಲ್ಡಾ ಗೋರಿಯ ಮೇಲಿನ ಹೆಸರನ್ನು ನೋಡುತ್ತ ಶಾಂತವಾಗಿದ್ದಳು. ಆಕೆಯ ಗಂಡನ ಹೆಸರು.

"ಆಕಿ ಮನಿಗಿ ಬಂದೇವಿ" ಎಂದರು ಅತ್ತೆ. ಅವರ ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಆಗಲಿಂದ ಸೀಟು ಹಿಡಿದು ಕುಂತೀನಿ. ಎಷ್ಟೊತ್ತು?"

ನನ್ನ ಬೆನ್ನ ಹಿಂದಿರುವ ಯಾರಿಗೋ ಹೇಳಿದಂತೆ ಅನಿಸಿ ತಿರುಗಿ ನೋಡಿದೆ. ಮಂಜು ಬಿಟ್ಟರೆ ಏನೂ ಇರಲಿಲ್ಲ. ಅಂಜಿಕೆಗೋ ಸಿಟ್ಟಿಗೋ ನಾನು ಬಾಯಿಗೆ ಬಂದದ್ದು ಬೈದೆ. ಹೇಳದೆ ಹೋಗುವುದೇ, ಏನಾದರೂ ಆಗಿದ್ದರೆ ಯಾರಿಗೆ ಮುಖ ತೋರಿಸಲಿ ಎಂದು ಅಲ್ಲೇ ನಿಂತು ಕೂಗಾಡಿದೆ. ಅತ್ತೆ ನನ್ನನ್ನು ಬಿಟ್ಟು ನನ್ನ ಪಕ್ಕ ನೋಡಿದರು.

"ಶಶೀ" ಎಂದರು. "ಯಾಕವ್ವಾ ಇಷ್ಟು ಸೊರಗೀದಿ? ಅಲ್ಲಿ ಉಣ್ಣಾಕ ಹಾಕಂಗಿಲ್ಲೇನು ನಿನಗ?"

ಶಶಿ ಆ ಗೋರಿಗಳ ನಡುವೆ ನೆಲಕ್ಕೆ ಕೂತು ಅವ್ವನ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತಳು. ಆ ಊರಿನಲ್ಲಿ ಅಷ್ಟು ದೊಡ್ಡ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. ಹಿಲ್ಡಾ ದಸ್ತಿಯ ಜಾಗವನ್ನು ತಪ್ಪಿಸಿ, ಅದರ ಹಿಂದಿನಿಂದ ಕೈ ಚಾಚಿ ಶಶಿಯ ತಲೆ ಸವರಿದಳು. ದಸ್ತಿಯ ಮೇಲೆ ಮಾತ್ರ ಕೈ ತಾಗಿಸಲಿಲ್ಲ.

ಶಶಿಯ ಮೇಲಿನವರು ಅವಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಆದರೆ ಹಿಲ್ಡಾ ಆಮೇಲೆ ಬಾಗಿಲು ಬಡಿಯಲಿಲ್ಲ. ಈಗ ವಾರಕ್ಕೊಮ್ಮೆ ಯಾರಾದರೂ ಆಕೆಯನ್ನು ನಿಜವಾದ ಬಸ್ಸಿನಲ್ಲೇ ಆ ದಿಬ್ಬಕ್ಕೆ ಕರೆದೊಯ್ಯುತ್ತಾರಂತೆ. ಪಕ್ಕದ ಸೀಟಿನ ಮೇಲೆ ಆಕೆ ತನ್ನ ಮಫ್ಲರು ಹಾಕುತ್ತಾಳಂತೆ.

ಕಮಲಾಪುರದ ಬಸ್ಸು

ಊರಿಗೆ ಬಂದ ಮೇಲೆ ಅಂಗಳದಲ್ಲಿ ಕಂಬ ನಿಲ್ಲಿಸುವ ವಿಚಾರ ಬಿಟ್ಟೆ. ಬಣ್ಣ ತುಂಬುವ ಪುಸ್ತಕ ಪಕ್ಕದ ಮನೆಯ ಕೂಸಿಗೆ ಕೊಟ್ಟೆ. ಮೊರವನ್ನು ಅತ್ತೆಯ ಮುಂದಿಟ್ಟೆ. ಈಗ ರೊಟ್ಟಿ ಅವರದೇ, ಉಪ್ಪು ಎರಡು ಸಲ ಬಿದ್ದರೂ ನಾವು ತಿನ್ನುತ್ತೇವೆ. ಮರೆವು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ರವಿವಾರ ಬಂದರೆ ಕಮಲಾಪುರಕ್ಕೆ ಹೊರಡಬೇಕು ಎಂಬುದನ್ನು ಮರೆಯುವುದಿಲ್ಲ. ತೋಟದಲ್ಲಿ ಗೊನೆ ನೋಡುತ್ತಾರೆ, ಮೈದುನನಿಗೆ ಬೈಯುತ್ತಾರೆ, ಮೂಲೆಯ ಮಣ್ಣಿನ ಹತ್ತಿರ ಒಂದು ಲೋಟ ಚಹಾ ಇಟ್ಟು ಬರುತ್ತಾರೆ. ಕಾರು ಬೇಡ, ಬಸ್ಸೇ ಆಗಬೇಕು.

ಆ ಮೊದಲ ರವಿವಾರದ ಮುಂಜಾನೆ. ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸು ತಿರುಗಿ ನಿಲ್ಲುವ ಮೊದಲೇ ಅತ್ತೆ ಜನರ ನಡುವೆ ನುಸುಳಿ, ತೋಳು ಎತ್ತಿ, ಕಿಟಕಿಯಿಂದ ದಸ್ತಿ ಒಳಗೆ ಹಾಕಿದರು. ಎರಡು ಸೀಟು. ಒಂದರಲ್ಲಿ ತಾವು ಕೂತರು, ಇನ್ನೊಂದರಲ್ಲಿ ದಸ್ತಿ. ನಾನು ಎಂದಿನಂತೆ ಕಂಬ ಹಿಡಿದು ನಿಂತೆ. ಜನ ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದರು, ಆದರೂ ಆ ಸೀಟಿನ ಹತ್ತಿರ ಬಂದವರು ದಸ್ತಿ ನೋಡಿ ಹಾಗೇ ಮುಂದೆ ಸರಿಯುತ್ತಿದ್ದರು.

ಕಂಡಕ್ಟರು ಬಂದ. "ಆಯೀ, ದಸ್ತಿ ಯಾರದು? ಇಷ್ಟು ಮಂದಿ ನಿಂತಾರ, ಖಾಲಿ ಸೀಟು ಹಿಡಕೊಂಡು ಕುಂತೀರಲ್ಲ."

"ಖಾಲಿ ಇಲ್ಲಪಾ. ಮಂದಿ ಅದಾರ."

"ಎಲ್ಲಿ ಅದಾರ್ರಿ?"

ನಾನು ಕಣ್ಣು ಮುಚ್ಚಿಕೊಂಡೆ. ಈಗ ಮಾವನ ಹೆಸರು ಹೇಳುತ್ತಾರೆ, ಇಡೀ ಬಸ್ಸು ನಗುತ್ತದೆ ಎಂದುಕೊಂಡೆ.

"ಅಲ್ಲೇ ನಿಂತಾಳ ನೋಡು ಕಂಬ ಹಿಡಕೊಂಡು. ನಮ್ಮ ಸೊಸಿ. ಎಷ್ಟು ಸಲ ಹಿಡಿದ್ರೂ ಕುಂದ್ರವಲ್ಲಳು."

ಬಸ್ಸು ನಕ್ಕಿತು, ನನ್ನನ್ನು ನೋಡಿ. "ನನಗೇನ್ರಿ ಅತ್ತಿ?"

"ಮತ್ಯಾರಿಗಿ? ವಿಮಾನದಾಗ ಹಿಡಿದೆ, ನೀ ಹಿಂದ ಹೋಗಿ ಕುಂತಿ. ಆ ಗಾಜಿನ ಮನ್ಯಾಗ ಹಿಡಿದೆ, ಸುತ್ತ ಸುತ್ತ ತಿರುಗಿದಿ. ಆ ದೀಪದ ಊರಾಗ ಹಿಡಿದೆ, ನಿಂತು ಬೈದಿ. ಮನ್ಯಾಗರ ಒಂದಿನ ನನ್ನ ಬಾಜೂಕ ಕುಂತೀಯೇನು?"

"ನಾ ಮಾವಗ ಅಂತ ತಿಳಿದಿದ್ದೆ."

"ಅವರಿಗ್ಯಾಕ ಸೀಟು? ಅವರು ಯಾವತ್ತರ ಕುಂತು ಬಂದಾರೇನು? ನಾ ದಸ್ತಿ ಹಾಕೋದು, ಅವರು ಕಾಯೋದು." ಅತ್ತೆ ದಸ್ತಿ ಎತ್ತಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕುಂದ್ರು."

ಕೂತೆ. ಚಳಿಗಾಲದ ಮುಂಜಾನೆ, ಬಸ್ಸಿನ ಕಬ್ಬಿಣವೆಲ್ಲ ತಣ್ಣಗಿತ್ತು. ಆದರೆ ಸೀಟು ಬೆಚ್ಚಗಿತ್ತು. ಯಾರೋ ಬಹಳ ಹೊತ್ತು ಕೂತು ಈಗಷ್ಟೇ ಎದ್ದು ಹೋದ ಹಾಗೆ. ಬಿಸಿಲು ಬಿದ್ದಿರಬೇಕು ಎಂದು ಕಿಟಕಿ ನೋಡಿದೆ. ಬಿಸಿಲು ಬಸ್ಸಿನ ಆಚೆ ಬದಿಗಿತ್ತು.

"ಏನು ನೋಡ್ತಿ?" ಎಂದರು ಅತ್ತೆ ನನ್ನ ಕೈ ಹಿಡಿದುಕೊಂಡು. "ನೀ ಬಂದಿಯಲ್ಲ, ಚಹಾಕ್ಕ ಇಳದಾರ."

ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು. ನಾನು ತಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಅತ್ತೆ ಮಾತ್ರ ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದರು. ಬಸ್ಸು ಸ್ಟ್ಯಾಂಡು ದಾಟಿ ರಸ್ತೆಗೆ ತಿರುಗುವವರೆಗೂ ನೋಡುತ್ತಲೇ ಇದ್ದರು. ಆಮೇಲೆ ಸಮಾಧಾನದಿಂದ ಮುಂದೆ ತಿರುಗಿ ನನ್ನ ಹೆಗಲಿಗೆ ತಲೆಯಾನಿಸಿದರು.

"ಹತ್ತಿದ್ರು" ಎಂದರು.